ಗೇರ್ ಎಣ್ಣೆಯ ಸರ್ವೆ

ಕಾರಿನ ಕೆಳಗೆ ಒಬ್ಬ ಮನುಷ್ಯ ಮಲಗಿದರೆ ಸಾಕು, ಬೀದಿಯಲ್ಲಿ ಕೆಲಸವಿಲ್ಲದವರೆಲ್ಲ ಎದ್ದು ಬಂದುಬಿಡುತ್ತಾರೆ. ಸರ್ವೆ ಇಲಾಖೆಯಿಂದ ನಿವೃತ್ತನಾದ ಮೇಲೆ ನಾನು ಕಂಡುಕೊಂಡ ದೊಡ್ಡ ಸತ್ಯ ಇದು. ಜೀವಮಾನವೆಲ್ಲ ಹೊಲ ಗದ್ದೆ ಅಳೆದವನಿಗೆ ಮನೆಯಲ್ಲಿ ಸುಮ್ಮನೆ ಕೂರಲು ಬರುವುದಿಲ್ಲ. ಏನಾದರೂ ಬಿಚ್ಚಬೇಕು, ಒಳಗೇನಿದೆ ನೋಡಬೇಕು. ಬಿಚ್ಚಿದ ಮೇಲೆ ಆಗುವುದು ಆಗಿಯೇ ಆಗುತ್ತದೆ.

೧. ಒಂದು ಪೆಡಲ್ ಕಮ್ಮಿ

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಐವತ್ತೈದನೇ ವಯಸ್ಸಿನಲ್ಲಿ ನನ್ನ ಹೆಂಡತಿಗೆ ಕಾರು ಕಲಿಯುವ ಹಟ ಹುಟ್ಟಿತು. ಎಡ ಮಂಡಿ ನೋವು, ಕ್ಲಚ್ ಒತ್ತಲು ಆಗದು. ಹಾಗಾಗಿ ಬೆಂಗಳೂರಿನಲ್ಲಿ ಹುಡುಕಿ, ಗೇರು ತಾನೇ ಬದಲಾಯಿಸಿಕೊಳ್ಳುವ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ತಂದೆ. ಸವಳಂಗ ರಸ್ತೆಯ ನಮ್ಮ ಬೀದಿಯಲ್ಲಿ ಅಂಥದ್ದನ್ನು ಆಗ ಯಾರೂ ಕಂಡಿರಲಿಲ್ಲ. ಮೂಲೆಯ ಹಿಟ್ಟಿನ ಗಿರಣಿಯವರು ಮೈಮೇಲಿನ ಹಿಟ್ಟನ್ನೂ ಕೊಡವದೆ ಓಡಿ ಬಂದರು. ಬಾಗಿಲು ತೆಗೆದು ಬಗ್ಗಿ ನೋಡಿದರು. ಎರಡೇ ಪೆಡಲ್. ಇನ್ನೊಂದು ಸಲ ಎಣಿಸಿದರು.

ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು: “ಸೆಕೆಂಡ್ ಹ್ಯಾಂಡ್ ಅಂದ್ರೆ ಹೀಗೇ ಸಾರ್. ಕೊಡೋವಾಗ ಒಂದೊಂದು ಸಾಮಾನು ಬಿಚ್ಕೊಂಡಿರ್ತಾರೆ.”

೨. ಎರಡು ಫ್ಯಾನು

ಕ್ಲಚ್ ಇಲ್ಲದೆ ಈ ಕಾರು ಹೇಗೆ ಓಡುತ್ತದೆ? ನನಗೆ ಅದೇ ಯೋಚನೆ. ಕಾರಿನ ಜೊತೆ ಬಂದ ಪುಸ್ತಕವನ್ನು ಗಟ್ಟಿಯಾಗಿ, ಹೆಂಡತಿಗೂ ಕೇಳುವಂತೆ, ಮೂರು ಸಲ ಓದಿದೆ. ಒಳಗೆ ಒಂದು ಚಕ್ರ ಎಣ್ಣೆಯನ್ನು ತಿರುಗಿಸುತ್ತದಂತೆ, ಆ ಎಣ್ಣೆ ಎದುರಿನ ಚಕ್ರವನ್ನು ತಿರುಗಿಸುತ್ತದಂತೆ. ನಂಬಿಕೆ ಬರಲಿಲ್ಲ. ನಡುಮನೆಯಲ್ಲಿ ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಹಾಕಿದೆ. ಸ್ವಿಚ್ಚು ಒತ್ತದ ಇನ್ನೊಂದೂ ಮೆಲ್ಲಗೆ ತಿರುಗಿತು! ನಾನು ಕುಣಿದಾಡಿದೆ.

ಹೆಂಡತಿ ಅಡುಗೆಮನೆಯಿಂದ ಬಂದು ನೋಡಿದಳು. “ಎರಡು ಫ್ಯಾನು ಇಟ್ಕೊಂಡು ಒಂದಕ್ಕೊಂದು ಗಾಳಿ ಹಾಕಿಸ್ತಿದ್ದೀರಲ್ಲ, ಅವಕ್ಕೆ ಸೆಕೆ ಆಗ್ತಿತ್ತಾ?”

೩. ಆಯನೂರಿನ ಟ್ರ್ಯಾಕ್ಟರು

ಲೈಸೆನ್ಸ್ ಸಿಕ್ಕಿ ಮೂರು ತಿಂಗಳಾದರೂ ಅವಳು ಗಾಜನೂರಿನ ಆಚೆ ಕಾರು ತೆಗೆದುಕೊಂಡು ಹೋಗಿರಲಿಲ್ಲ. ಭದ್ರಾವತಿಯಲ್ಲಿ ಅವಳ ಅಕ್ಕನ ಮನೆ. ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ಫೋನಿನಲ್ಲಿ ಕೆಣಕಿದರು: “ನೀನು ಕಾರು ಬಿಡೋದು ಬರೀ ಬಾಯಲ್ಲಿ ಕಣಮ್ಮ. ಭಾನುವಾರ ಒಂದು ಗಂಟೆಗೆ ಊಟಕ್ಕೆ ಬಾ ನೋಡೋಣ, ನೀನೇ ಬಿಟ್ಕೊಂಡು.”

“ಎಲೆ ಹಾಕಿಡಿ ಭಾವ,” ಎಂದು ಅವಳು ಫೋನ್ ಇಟ್ಟಳು. ಇಟ್ಟವಳು ನನ್ನತ್ತ ತಿರುಗಿ, “ಅಷ್ಟರೊಳಗೆ ಆ ಕಾರು ಜಗ್ಗೋದು ನಿಲ್ಲಿಸಿ,” ಎಂದಳು.

ನಿಜ, ಗೇರು ಬದಲಾಗುವಾಗ ಕಾರು ಒಂದೊಂದು ಸಲ ಎಮ್ಮೆಕರುವಿನ ಹಾಗೆ ಜಗ್ಗುತ್ತಿತ್ತು. ಎಣ್ಣೆ ಹಳತಾಗಿದೆ, ಬದಲಾಯಿಸಬೇಕು ಎಂದು ಪುಸ್ತಕ ಹೇಳಿತು. ಊರಿನ ಮೆಕ್ಯಾನಿಕ್ಕುಗಳು ಆ ಗೇರ್‌ಬಾಕ್ಸನ್ನು ಮುಟ್ಟಲು ಒಪ್ಪಲಿಲ್ಲ. ಸರಿ, ನಾನೇ ಮನೆಯಲ್ಲಿ ಮಾಡುತ್ತೇನೆ ಎಂದು ಬಿಡಿಭಾಗದ ಅಂಗಡಿಗೆ ಹೋಗಿ, ಪುಸ್ತಕದಲ್ಲಿದ್ದ ಕೆಂಪು ಎಣ್ಣೆ ಕೇಳಿದೆ.

“ಕೆಂಪು ಎಣ್ಣೆನಾ? ಯಾವ ಟ್ರ್ಯಾಕ್ಟರಿಗೆ ಸಾರ್?”

“ಟ್ರ್ಯಾಕ್ಟರ್ ಅಲ್ಲ ಮಾರಾಯ್ರೆ, ಕಾರು. ನಾಲ್ಕು ಲೀಟರ್ ಕೊಡಿ. ಗೇರು ತಾನಾಗೇ ಬೀಳುತ್ತೆ ಅದರಲ್ಲಿ.”

ಅಂಗಡಿಯವರು ನನ್ನನ್ನು ಮರುಕದಿಂದ ನೋಡಿದರು. “ಆಯನೂರಿನವರದ್ದು ಒಂದು ಹಳೇ ಟ್ರ್ಯಾಕ್ಟರು ಇದೆ ಸಾರ್, ಅದರಲ್ಲೂ ತಾನಾಗೇ ಬೀಳುತ್ತೆ. ಅವರು ಅದನ್ನ ರಿಪೇರಿಗೆ ಬಿಟ್ಟಿದ್ದಾರೆ.”

೪. ಗೇಟಿನ ಮುಂದೆ ಕೆಂಪು

ಭಾನುವಾರ ಬೆಳಿಗ್ಗೆ ಕಾರನ್ನು ಒಂದು ಸುತ್ತು ಓಡಿಸಿ, ಎಣ್ಣೆ ಬೆಚ್ಚಗಾದ ಮೇಲೆ ಗೇಟಿನ ಹತ್ತಿರ ನಿಲ್ಲಿಸಿ, ಚಾಪೆ ಹಾಸಿಕೊಂಡು ಕೆಳಗೆ ನುಸುಳಿದೆ. ಬೋಲ್ಟು ಬಿಚ್ಚಿದ್ದೇ ತಡ, ಎಣ್ಣೆ ನಾನಿಟ್ಟ ಬೇಸಿನ್ನನ್ನು ಬಿಟ್ಟು ಪಕ್ಕಕ್ಕೆ ಚಿಮ್ಮಿತು. ಬೇಸಿನ್ ಸರಿಸುವಷ್ಟರಲ್ಲಿ ಒಂದಿಷ್ಟು ಹರಿದು ಗೇಟು ದಾಟಿ ಬೀದಿಗೆ ಹೋಯಿತು. ಹಳೆಯದಾದರೂ ಕೆಂಪು ಪೂರ್ತಿ ಹೋಗಿರಲಿಲ್ಲ.

ಎದುರುಮನೆಯ ಮೇಡಂ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಗೇಟಿನ ಮುಂದೆ ಆರತಿ ನೀರು ಚೆಲ್ಲಿದಂತೆ ಕಂಡಿದ್ದೇ, ಸೀರೆ ಬದಲಾಯಿಸಿ, ಹೂ ಮುಡಿದು ಬಂದೇಬಿಟ್ಟರು.

“ಮಗನ ಮದುವೆ ಮುಗಿಸಿ ಸೊಸೆನ ಮನೆ ತುಂಬಿಸ್ಕೊಂಡೂ ಆಯ್ತಾ? ಎದುರುಮನೆಗೆ ಒಂದು ಮಾತು ಹೇಳಬಾರದಿತ್ತಾ?”

ನಾನು ಕಾರಿನ ಕೆಳಗಿನಿಂದಲೇ ಕೂಗಿದೆ: “ಸೊಸೆ ಅಲ್ಲ ಮೇಡಂ, ಗೇರ್‌ಬಾಕ್ಸು!”

“ಅಯ್ಯೋ, ಯಾವ ಊರಿನವರು?” ಎಂದರು ಅವರು.

೫. ಕಂಬ

ಎಣ್ಣೆ ಇಳಿಯಿತು, ಬೋಲ್ಟು ಬಿಗಿದೆ, ಕೈ ತೊಳೆದು ತಿಂಡಿ ತಿನ್ನಲು ಒಳಗೆ ಹೋದೆ. ಇನ್ನು ಮುಖ್ಯವಾದ ಕೆಲಸ ಒಂದೇ: ಎಷ್ಟು ಇಳಿದಿದೆಯೋ ಅಷ್ಟೇ ಹೊಸದನ್ನು ಹಾಕಬೇಕು. ಕಮ್ಮಿಯಾದರೆ ಗೇರ್‌ಬಾಕ್ಸ್ ಸುಟ್ಟೀತು, ಹೆಚ್ಚಾದರೆ ನೊರೆಯೆದ್ದು ಕೆಟ್ಟೀತು. ಅಳತೆಗೆ ಕಾರಿನಲ್ಲೇ ಒಂದು ಕಡ್ಡಿ ಇದೆ. ಆದರೆ ಕಡ್ಡಿ ಸರಿಯಾಗಿ ಹೇಳಬೇಕಾದರೆ ಇಂಜಿನ್ ಓಡಿ ಬಿಸಿಯಾಗಬೇಕು. ಇಂಜಿನ್ ಓಡಿಸಬೇಕಾದರೆ ಒಳಗೆ ಎಣ್ಣೆ ಇರಬೇಕು!

ಹೊರಗೆ ಬಂದು ನೋಡುತ್ತೇನೆ, ಬೇಸಿನ್ ಖಾಲಿ.

“ಎಣ್ಣೆ ಎಲ್ಲೇ?” ಎಂದು ಹೆಂಡತಿಯನ್ನು ಕೇಳಿದೆ.

“ಎಲ್ಲರೂ ಕೇಳಿದ್ರು, ಕೊಟ್ಟೆ. ಬಿಸಾಡೋ ಎಣ್ಣೆ ತಾನೇ?”

“ಯಾರಿಗೆ ಕೊಟ್ಟೆ?”

“ಗಿರಣಿಯವರಿಗೆ, ಪಕ್ಕದ ಮನೆಯವರಿಗೆ, ಎದುರುಮನೆ ಮೇಡಂಗೆ. ರೀ, ಒಂದು ನಿಮಿಷ...”

ನಿಮಿಷ ಎಲ್ಲಿದೆ? ಗಂಟೆ ಹತ್ತೂವರೆ. ಒಂದು ಗಂಟೆಗೆ ಅವಳು ಭದ್ರಾವತಿಯಲ್ಲಿರಬೇಕು, ಇಲ್ಲದಿದ್ದರೆ ಷಡ್ಡಕರ ನಗು ವರ್ಷವಿಡೀ ಕೇಳಬೇಕು. ಲೀಟರಿನ ಪಾತ್ರೆ, ಟೇಪು, ಪೆನ್ನು, ಕಾಗದ ಹಿಡಿದು ಓಡಿದೆ.

ಗಿರಣಿಯವರು ಬಾಟಲಿಯನ್ನು ಎದೆಗೆ ಅವಚಿಕೊಂಡರು. ಕೊಟ್ಟದ್ದನ್ನು ವಾಪಸ್ ಕೇಳುವುದಿಲ್ಲ ಎಂದು ಆಣೆ ಮಾಡಿದ ಮೇಲೆಯೇ ಅಳೆಯಲು ಬಿಟ್ಟರು. ಪಕ್ಕದ ಮನೆಯವರು ತುಕ್ಕು ಹಿಡಿದ ಕೀಲುಗಳನ್ನು ಅದರಲ್ಲಿ ನೆನೆಹಾಕಿದ್ದರು. ಕೀಲುಗಳನ್ನು ಒಂದೊಂದಾಗಿ ಎತ್ತಿ, ಸೋರಿಸಿ ಅಳೆದೆ. ಇದಕ್ಕೇ ಒಂದು ಗಂಟೆ ಹಿಡಿಯಿತು. ಮೇಡಂ ಮಾತ್ರ ಗೆದ್ದಲಿಗೆ ಮದ್ದೆಂದು ಹಿತ್ತಲಿನ ಸೌದೆಮನೆಯ ಕಂಬಕ್ಕೆ ಪೂರ್ತಿ ಬಳಿದುಬಿಟ್ಟಿದ್ದರು. ಮರ ಕುಡಿದ ಎಣ್ಣೆಯನ್ನು ಅಳೆಯುವುದು ಹೇಗೆ? ಕಂಬದ ಸುತ್ತಳತೆ, ಎತ್ತರ ಹಿಡಿದು ಲೆಕ್ಕ ಹಾಕಬೇಕು. ಟೇಪು ಬಿಚ್ಚಿದೆ.

ಮೇಡಂ ಬಿಳಿಚಿಕೊಂಡರು. ಹಿತ್ತಲಲ್ಲಿ ಸರ್ವೆಯವನು ಟೇಪು ಬಿಚ್ಚಿದರೆ ಯಾರಿಗೆ ತಾನೆ ಎದೆ ಹೊಡೆದುಕೊಳ್ಳುವುದಿಲ್ಲ?

“ಸಾರ್, ಕಂಬ ನಮ್ಮ ಜಾಗದಲ್ಲೇ ಇದೆ! ಗಡಿಯಿಂದ ಮೂರು ಅಡಿ ಒಳಗೇ ನೆಟ್ಟಿದ್ದೀವಿ. ಪತ್ರ ತೋರಿಸ್ಲಾ?”

೬. ಹಿಂದಿನ ಸೀಟು

ಪತ್ರ ನೋಡಿ, ಕಾಫಿ ಕುಡಿದು, ‘ಮೂರು ಲೀಟರು ಮತ್ತು ಒಂದು ಕಂಬ’ ಎಂದು ಕಾಗದದಲ್ಲಿ ಬರೆದುಕೊಂಡು ಮನೆಗೆ ಬಂದರೆ, ಕಾರೇ ಇಲ್ಲ. ಬಾಗಿಲಿಗೆ ಬೀಗ. ಬೀಗದ ಕೈ ತುಳಸಿಕಟ್ಟೆಯ ಮೇಲಿತ್ತು. ಗಂಟೆ ಒಂದಕ್ಕೆ ಇನ್ನು ಹತ್ತು ನಿಮಿಷ. ಗೇರ್‌ಬಾಕ್ಸು ದಾರಿಯಲ್ಲಿ ಸುಟ್ಟು, ಹೆಂಡತಿ ಒಬ್ಬಳೇ ಎಲ್ಲೋ ನಿಂತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಬೀಗ ತೆಗೆದು ಒಳಗೆ ಓಡಿ ಭದ್ರಾವತಿಗೆ ಫೋನ್ ಮಾಡಿದೆ. ಎತ್ತಿದವಳು ಅವಳೇ!

“ಎಣ್ಣೆ ಇಲ್ಲದೆ ಹೇಗೆ ಹೋದೆ?”

“ಯಾಕಿಲ್ಲ? ಹಾಕ್ಕೊಂಡೇ ಬಂದೆ. ಬೇಸಿನ್ನಲ್ಲಿ ಹದಿನಾಲ್ಕು ಪಾವು ಇತ್ತು, ಬೀದಿಗೆ ಹೋಗಿದ್ದಕ್ಕೆ ಅಂತ ಇನ್ನೊಂದು. ಒಟ್ಟು ಹದಿನೈದು ಪಾವು ಹಾಕಿ, ಒಂದು ಸುತ್ತು ಓಡಿಸಿ, ಕಡ್ಡಿ ಒರೆಸಿ ನೋಡ್ದೆ. ಗೆರೆಗೆ ಸರಿಯಾಗಿತ್ತು.”

“ಹದಿನಾಲ್ಕು ಅಂತ ನಿನಗೆ ಹೇಗೆ ಗೊತ್ತು?”

“ಸೀಮೆಎಣ್ಣೆ ಅಳೆಯೋ ಕಾಲು ಲೀಟರಿನ ಪಾವಲ್ಲಿ ಅಳೆದು ಹಂಚ್ದೆ. ನಾನು ಯಾವತ್ತು ಯಾರಿಗೆ ಅಳೀದೆ ಕೊಟ್ಟಿದ್ದೀನಿ?”

“ಅದನ್ನ ಆಗಲೇ ಹೇಳೋದಲ್ವೇನೇ!”

“ಯಾರಿಗೆ ಕೊಟ್ಟೆ ಅಂತ ಕೇಳಿದ್ರಿ, ಹೇಳ್ದೆ. ಎಷ್ಟು ಕೊಟ್ಟೆ ಅಂತ ಕೇಳಿದ್ರಾ? ಟೇಪ್ ಹಿಡ್ಕೊಂಡು ಓಡಿದ್ರಿ. ಈಗ ಬಸ್ಸು ಹತ್ತಿ ಬನ್ನಿ. ಬಸ್ ಸ್ಟ್ಯಾಂಡಿಗೆ ಕಾರು ತರ್ತೀನಿ.”

ಭದ್ರಾವತಿಯಲ್ಲಿ ಇಳಿದಾಗ ಕಾರು ಕಾಯುತ್ತಿತ್ತು. ಸ್ಟೇರಿಂಗ್ ಹಿಡಿದು ಅವಳು ಮಹಾರಾಣಿಯ ಹಾಗೆ ಕೂತಿದ್ದಳು. ಮುಂದಿನ ಸೀಟು ಖಾಲಿ. ಷಡ್ಡಕರು ಹಿಂದೆ ಮೂಲೆಯಲ್ಲಿ, ಕೈಕಟ್ಟಿಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಮುದುಡಿ ಕೂತಿದ್ದರು. “ಯಾಕೆ, ಮುಂದೆ ಕೂರೋದಲ್ವಾ?” ಎಂದೆ.

ಅವರು ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು: “ಮುಂದೇನೇ ಕೂತಿದ್ದೆ ಕಣ್ರೀ. ಒಂದೇ ಒಂದು ಸಲ ‘ನಿಧಾನ’ ಅಂದೆ!”