ಹಡಗಿನಲ್ಲಿ ಬಂದ ಪೆಟ್ಟಿಗೆ

ನಾನು ಜಾಸ್ತಿ ಮಾತಾಡುವವನಲ್ಲ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೆ ಅನ್ಯಾಯ ಆದಾಗಲೂ ಬಾಯಿ ಮುಚ್ಚಿಕೊಂಡಿದ್ದರೆ ಜನ ತಪ್ಪು ನನ್ನದೇ ಅಂದುಕೊಳ್ಳುತ್ತಾರೆ. ಹಲಗೂರು ಬಸ್‌ಸ್ಟಾಂಡಿನಲ್ಲಿ ಈಗಾಗಲೇ ಅಂದುಕೊಂಡಿದ್ದಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಎಪ್ಪತ್ತೆಂಟನೇ ಇಸವಿ. ಮದ್ದೂರಿನ ಆಚೆ ಒಂದು ಕಾರ್ಖಾನೆಗೆ ಹೊರದೇಶದಿಂದ ಮಿಷನ್ನು ಬಂತು. ಬಂದದ್ದು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಅಂದರೆ ನಿಮ್ಮ ಮನೆಯ ಟ್ರಂಕು ಅಂದುಕೊಳ್ಳಬೇಡಿ. ಎತ್ತು ಕಟ್ಟಿದ ಗಾಡಿಯನ್ನು ಹಾಗೇ ಒಳಕ್ಕೆ ಹೊಡೆದು ಬಾಗಿಲು ಹಾಕಬಹುದು, ಅಷ್ಟು ದೊಡ್ಡದು. ಹಡಗಿನ ಮೇಲೆ ಕೂತು ಸಮುದ್ರ ದಾಟಿ ಬಂದದ್ದು. ಮಿಷನ್ನು ಇಳಿಸಿಕೊಂಡ ಮೇಲೆ ಪೆಟ್ಟಿಗೆಯನ್ನು ಹರಾಜಿಗೆ ಹಾಕಿದರು. ನಾನು ಹೋಗಿದ್ದು ಎರಡು ಹಳೇ ಪೈಪು ಕೊಳ್ಳುವುದಕ್ಕೆ. ಪೆಟ್ಟಿಗೆ ಕೊಂಡುಕೊಂಡು ಬಂದೆ.

ಸಮುದ್ರದ ನೀರೇ ನುಗ್ಗದ ಪೆಟ್ಟಿಗೆಯೊಳಕ್ಕೆ ನಮ್ಮೂರ ಮಳೆ ನುಗ್ಗುತ್ತದೆಯೇ? ಭತ್ತ ತುಂಬಿಟ್ಟರೆ ಇಲಿ ಇಲ್ಲ, ಹೆಗ್ಗಣ ಇಲ್ಲ, ಸೋರುವ ಹೆಂಚಿಲ್ಲ. ಇದರಲ್ಲಿ ಏನು ತಪ್ಪಿದೆ, ನೀವೇ ಹೇಳಿ.

ತಪ್ಪಿದ್ದದ್ದು ಜಾಗದಲ್ಲಂತೆ. ಇಪ್ಪತ್ತು ಆಳು ಸೇರಿ, ತೆಂಗಿನ ದಿಮ್ಮಿ ಕೊಟ್ಟು ಉರುಳಿಸಿ, ಪೆಟ್ಟಿಗೆಯನ್ನು ಹಿತ್ತಲಿಗೆ ತಂದು ಪ್ರತಿಷ್ಠಾಪನೆ ಮಾಡಿದೆವು. ಅದೇ ಜಾಗದಲ್ಲಿ ಬಚ್ಚಲುಮನೆ ಕಟ್ಟಿಸಿಕೊಡುತ್ತೇನೆ ಅಂತ ನನ್ನ ಹೆಂಡತಿ ದೇವಿರಮ್ಮನಿಗೆ ನಾನು ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. (ಹನ್ನೊಂದು ವರ್ಷವೂ ಅವಳು ತೆಂಗಿನ ಗರಿಯ ಮರೆಯಲ್ಲಿ, ಊರು ಏಳುವ ಮುಂಚೆ, ನಡುಗಿಕೊಂಡು ನೀರು ಹುಯ್ದುಕೊಂಡಳು. ನಿಜ. ಆದರೆ ನಾನು ಮಾತು ತಪ್ಪಿರಲಿಲ್ಲ. ಇನ್ನೂ ಕಟ್ಟಿಸಿರಲಿಲ್ಲ, ಅಷ್ಟೆ.)

ಅವಳು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು.

"ನನ್ ಬಚ್ಚಲು ಯಾವ್ ಕಡೀಕೆ ಬತ್ತದೆ?"

"ಮೊದ್ಲು ಭತ್ತ ಕಣಮ್ಮಿ," ಅಂದೆ.

ಅವತ್ತಿನಿಂದ ಒಂದು ವಾರ ಮಾತಿಲ್ಲ. ಅದರಿಂದ ನನಗೇನೂ ನಷ್ಟವಾಗಲಿಲ್ಲ. ಪೆಟ್ಟಿಗೆಯ ಕೆಲಸವೇ ಬೇಕಾದಷ್ಟಿತ್ತು. ನೆಲದ ತೇವ ಏರಬಾರದು ಅಂತ ನಾಲ್ಕು ಮೂಲೆಗೂ ಕಲ್ಲು ಕೊಟ್ಟು ಎತ್ತರಿಸಿದೆ. ತುಕ್ಕು ಕಂಡಲ್ಲೆಲ್ಲ ಇಟ್ಟಿಗೆ ಚೂರಿನಲ್ಲಿ ಉಜ್ಜಿದೆ. ಕೆಂಪು ಬಣ್ಣ ಬಳಿದೆ, ಅದರ ಮೇಲೆ ಟಾರು ಬಳಿದೆ. ಶನಿವಾರ ಶನಿವಾರ ಬಾಗಿಲಿಗೂ ಅಗುಳಿಗೂ ಹೊಂಗೆ ಎಣ್ಣೆಯ ಮಹಾಭ್ಯಂಜನ. ಹೆಂಡತಿ ಅದನ್ನು ನೋಡಿ, ತನ್ನ ತಲೆಗೆ ವರ್ಷಕ್ಕೊಂದು ಸಲ ಎಣ್ಣೆ ಕಂಡರೆ ಹೆಚ್ಚು, ಇವಳಿಗೆ ವಾರ ವಾರವೂ ನಡೀತಾ ಇದೆ ಅಂತ ಗೋಡೆಗೆ ಹೇಳಿದಳು. ಆಮೇಲೆ ಪೆಟ್ಟಿಗೆಗೆ ಅವಳಿಟ್ಟ ಹೆಸರು ಸವತಿ. ಯಾರಾದರೂ ನನ್ನನ್ನು ಹುಡುಕಿಕೊಂಡು ಬಂದರೆ, ಮನೆಯಲ್ಲಿಲ್ಲ, ಸವತಿ ಹತ್ತಿರ ಇದ್ದಾನೆ ಅಂತಲೇ ಹೇಳಿ ಕಳಿಸುತ್ತಿದ್ದಳು.

ಇನ್ನೊಂದು ಕೆಲಸ ಮಾಡಿದೆ. ಪೆಟ್ಟಿಗೆಯ ಮೇಲ್ಗಡೆ, ಎರಡೂ ಪಕ್ಕದಲ್ಲಿ, ಬೆರಳು ತೂರುವಂಥ ಕಿಂಡಿಗಳಿದ್ದವು. ಹೊರದೇಶದವರು ಎಷ್ಟೇ ಬುದ್ಧಿವಂತರಾದರೂ ಮುಚ್ಚುವುದನ್ನು ಮರೆತಿದ್ದಾರೆ ಅಂದುಕೊಂಡೆ. ಗೋಣಿನಾರು ತುರುಕಿ, ಟಾರು ಮೆತ್ತಿ, ಅವರು ಬಿಟ್ಟ ಕೆಲಸವನ್ನು ನಾನು ಮುಗಿಸಿದೆ.

ಮಾರ್ಗಶಿರದಲ್ಲಿ ಭತ್ತ ಬಂತು. ಬಡಿದ ಮಾರನೆಯ ದಿನವೇ ಮೂಟೆ ಕಟ್ಟಿ, ಬಿತ್ತನೆ ಭತ್ತವನ್ನೂ ಸೇರಿಸಿ, ಪೆಟ್ಟಿಗೆಯೊಳಗೆ ಪೇರಿಸಿ ಬಾಗಿಲು ಹಾಕಿದೆ. ಎಂಟು ದಿನ ಬಿಟ್ಟು ತೆಗೆದರೆ ಮೇಲಿನ ಮೂಟೆಗಳೆಲ್ಲ ಒದ್ದೆ. ಒಂದರಲ್ಲಿ ಮೊಳಕೆ. ಚಾವಣಿಯಿಂದ ತುಕ್ಕಿನ ನೀರು ಕೆಂಪಗೆ ಇಳಿದಿದೆ. ಬಿತ್ತನೆ ಭತ್ತ ಹಾಳಾದರೆ ಮುಂದಿನ ವರ್ಷ ಗದ್ದೆಗೆ ಏನು ಚೆಲ್ಲಲಿ? ನನಗೆ ರೇಗಿಹೋಯಿತು. ಹೊರಗೆ ಒಂದು ಹನಿ ಮಳೆ ಬಿದ್ದು ತಿಂಗಳಾಗಿತ್ತು.

"ಯಾರೋ ನೀರ್ ಉಯ್ದವ್ರೆ," ಅಂದೆ. ಯಾರ ಕಡೆಗೂ ನೋಡದೆ ಅಂದೆ.

ದೇವಿರಮ್ಮ ಮೊರ ಕೆಳಗಿಟ್ಟಳು. "ನೀರ್ ಉಯ್ಕಳಾಕೆ ನಂಗೇ ಜಾಗಿಲ್ಲ. ನಿನ್ ಸವ್ತೀಗ್ ಉಯ್ಯಾಕ್ ಓದೀನಾ?"

ಪಕ್ಕದ ಮನೆಯ ಮರಿಸಿದ್ದಯ್ಯ ಬೇಲಿ ಪಕ್ಕ ಬೀಡಿ ಸೇದುತ್ತಿದ್ದ. (ನಮ್ಮ ಮನೆಯಲ್ಲಿ ಗಲಾಟೆ ಆದಾಗಲೆಲ್ಲ ಅವನಿಗೆ ಅಲ್ಲಿ ಬೀಡಿ ಸೇದಬೇಕೆನಿಸುತ್ತದೆ.) ಚಾವಣಿಯಲ್ಲಿ ತೂತಿರಬೇಕು, ರಾತ್ರಿ ಬೀಳುವ ಇಬ್ಬನಿ ಇಳೀತಿದೆ ಅಂದ. ಒಳಗೆ ಕೂತು ಬಾಗಿಲು ಹಾಕಿಕೊಂಡರೆ ಸೂಜಿಮೊನೆಯಷ್ಟು ತೂತಿದ್ದರೂ ಬಿಸಿಲು ಕಾಣುತ್ತದೆ ಅಂತಲೂ ಹೇಳಿಕೊಟ್ಟ. ಅದು ನನಗೆ ಸರಿಯಾಗಿ ಕಂಡಿತು.

"ತೂತು ಸಿಕ್ನಿಲ್ಲ ಅಂದ್ರೆ?" ದೇವಿರಮ್ಮ ಕೇಳಿದಳು.

"ಸಿಕ್ನಿಲ್ಲ ಅಂದ್ರೆ ಪೆಟ್ಗೆ ನಿಂದು. ಬಚ್ಲು ಮಾಡ್ಕೊ."

ಮರಿಸಿದ್ದಯ್ಯ ಸಾಕ್ಷಿ. ನಾನು ಒಳಗೆ ಹೋದೆ. ಅಗುಳಿ ಇರುವುದು ಹೊರಗಡೆ ಮಾತ್ರ. ನಾನು ಕೂಗುವ ತನಕ ತೆಗೆಯಬೇಡ ಅಂದೆ. ಮದುವೆಯಾದ ಮೇಲೆ ಅವಳು ಚಾಚೂ ತಪ್ಪದೆ ನಡೆಸಿಕೊಟ್ಟ ಮಾತು ಇದೊಂದೇ.

ಒಳಗೆ ಕಗ್ಗತ್ತಲು. ತಲೆಯೆತ್ತಿ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದೆ. ಮೂಟೆ ಹತ್ತಿ ನೋಡಿದೆ. ಒಂದು ಚುಕ್ಕಿ ಬೆಳಕಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾದ ಕಬ್ಬಿಣ, ಕೆಳಗೆ ಹಸಿ ಭತ್ತ, ಆಲೆಮನೆಯ ಒಲೆ ಮುಂದೆ ಕೂತ ಹಾಗೆ ಆಯಿತು. ಸೋಲು ಒಪ್ಪುವುದಕ್ಕೆ ಮನಸ್ಸಾಗದೆ ಇನ್ನೊಂದು ಸಲ ನೋಡಿದೆ. ಅಷ್ಟರಲ್ಲಿ ಹೊತ್ತು ಇಳಿದು ಚಾವಣಿ ತಣ್ಣಗಾಗಿರಬೇಕು, ಕತ್ತಿನ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ಆಮೇಲೆ ಬೆನ್ನಿಗೆ. ಆಮೇಲೆ ಎಲ್ಲಿಗೆ ಅಂತ ಹೇಳುವ ಹಾಗೇ ಇಲ್ಲ, ಎಲ್ಲ ಕಡೆಗೂ.

ಕೂಗಿದೆ. ಬಾಗಿಲು ಬಡಿದೆ. ಗಾಳಿಯೂ ಆಡದ ಹಾಗೆ ಸಂದು ಮುಚ್ಚಿದ್ದವನು ನಾನೇ. ನನ್ನ ದನಿ ನನಗೇ ವಾಪಸ್ಸು ಬಂತು. ದೇವಿರಮ್ಮ ಎಮ್ಮೆ ಕರೆಯುವುದಕ್ಕೆ ಹೋಗಿದ್ದಳು. ಮರಿಸಿದ್ದಯ್ಯ ಬೀಡಿ ತರುವುದಕ್ಕೆ ಅಂಗಡಿಗೆ ಹೋಗಿದ್ದ.

ಬಾಗಿಲು ತೆಗೆದಾಗ ಇನ್ನೂ ಸಂಜೆ ಬೆಳಕಿತ್ತು. ನಾಲೆಯಿಂದ ಎದ್ದವನ ಹಾಗೆ ಪಂಚೆ ಹಿಂಡಿಕೊಂಡು ಹೊರಗೆ ಬಂದೆ.

"ಮಳೆ ಬಂತಾ?" ಅಂತ ಕೇಳಿದೆ.

ಮರಿಸಿದ್ದಯ್ಯ ಆಕಾಶ ನೋಡಿದ, ಧೂಳು ತುಂಬಿದ ಹಿತ್ತಲು ನೋಡಿದ, ನನ್ನನ್ನು ನೋಡಿದ.

"ತೂತು ಸಿಕ್ತಾ?" ಅಂದಳು ದೇವಿರಮ್ಮ.

ಮಾತೇ ಕಡಿಮೆ ಇರುವವನಿಗೆ ಸುಳ್ಳು ಎಲ್ಲಿಂದ ಬರಬೇಕು? ಇಲ್ಲ ಅಂದೆ.

"ಎಸರಿನ್ ಮ್ಯಾಲೆ ತಟ್ಟೆ ಮುಚ್ಚುದ್ರೆ ತಟ್ಟೆ ಒಳ್ಗೆ ನೀರ್ ನಿಲ್ತದಲ್ಲ, ತಟ್ಟೇಲಿ ತೂತಿರ್ತದಾ? ಅಸಿ ಭತ್ತ ಉಸ್ರು ಬುಡ್ತದೆ. ಉಸ್ರು ಆಚ್ಗೆ ಓಗಾಕೆ ಅಂತ ಇಟ್ಟಿದ್ ಕಿಂಡೀಗೆಲ್ಲ ಟಾರ್ ಮೆತ್ತಿದ್ ಯಾರು?"

"ಗೊತ್ತಿದ್ರೆ ಮೊದ್ಲೇ ಯಾಕ್ ಯೋಳ್ನಿಲ್ಲ ನೀನು?"

"ಯೋಳಿದ್ರೆ ನಂಗೆ ಬಚ್ಲು ಎಲ್ ಸಿಕ್ತಿತ್ತು?"

ಇದು ನ್ಯಾಯವೇ? ಮೊಳಕೆ ಬಂದ ಮೂಟೆ ಎಮ್ಮೆಗೆ ಹೋಯಿತು. ಮಿಕ್ಕಿದ್ದನ್ನು ಕಣದಲ್ಲಿ ಮೂರು ದಿನ ಹರವಿ ಒಣಗಿಸಿ, ಅವಳು ಯಾವಾಗಲೂ ತುಂಬುತ್ತಿದ್ದ ಮಣ್ಣಿನ ವಾಡೆಗೇ ತುಂಬಿದೆ. ಬಿತ್ತನೆ ಉಳಿಯಿತು, ಮರ್ಯಾದೆ ಉಳಿಯಲಿಲ್ಲ.

ಪೆಟ್ಟಿಗೆಯೊಳಗೆ ಚಪ್ಪಡಿ ಹಾಸಿದರು, ಹಂಡೆ ಕೂರಿಸಿದರು, ಒಲೆ ಹೂಡಿದರು, ಮೇಲೆ ಸೌದೆ ಇಡುವುದಕ್ಕೆ ಅಟ್ಟ ಕಟ್ಟಿದರು. (ಹಾಸಿದವನೂ ಹೂಡಿದವನೂ ನಾನೇ.) ಕಿಂಡಿಗಳ ಟಾರನ್ನು ಉಳಿಯಿಂದ ಕೆತ್ತಿ ತೆಗೆದೆ. ದಿನಾ ನೀರು ಸುರಿದರೆ ಒಂದು ವರ್ಷಕ್ಕೆ ತುಕ್ಕು ತಿಂದು ಜರಡಿಯಾಗುತ್ತದೆ, ಆಗ ಇವಳಿಗೆ ಬುದ್ಧಿ ಬರುತ್ತದೆ ಅಂತ ಕಾದೆ. ಬರಲಿಲ್ಲ. ಎರಡು ಹೊತ್ತೂ ಒಲೆ ಉರಿಯುತ್ತದೆ, ನೀರು ಕಾಲುವೆಗೆ ಹರಿದುಹೋಗುತ್ತದೆ, ಹೊಗೆ ಕಿಂಡಿಯಲ್ಲಿ ಹೋಗುತ್ತದೆ. ಗೋಡೆಗೆಲ್ಲ ಮಸಿ ಕಟ್ಟಿ ಪೆಟ್ಟಿಗೆ ರೊಟ್ಟಿ ಹೆಂಚಿನ ಹಾಗೆ ಒಣಗಿ ನಿಂತಿದೆ. ನನ್ನ ಎಣ್ಣೆ, ಬಣ್ಣ, ಶನಿವಾರ ಎಲ್ಲ ದಂಡ.

ಈ ಸಲದ ಆಷಾಢದಲ್ಲಿ ಹತ್ತು ದಿನ ಬಿಡದೆ ಮಳೆ ಹಿಡಿಯಿತು. ಊರಲ್ಲಿ ಎಲ್ಲರ ಮನೆಯೂ ಸೋರಿತು. ಮರಿಸಿದ್ದಯ್ಯ ಎರಡು ಮೂಟೆ ಭತ್ತ ಹೊತ್ತು ತಂದು, ಬಚ್ಚಲ ಅಟ್ಟದ ಮೇಲೆ ಇಡಬಹುದೇ ಅಂತ ಕೇಳಿದ. ನನ್ನನ್ನಲ್ಲ, ಅವಳನ್ನು. ಅವಳು ಹೂಂ ಅಂದಳು. ಅಟ್ಟಕ್ಕೆ ಎತ್ತಿಟ್ಟವನು ನಾನು. ನಮ್ಮ ವಾಡೆಯ ಮೇಲೂ ಹೆಂಚು ತೊಟ್ಟಿಕ್ಕುತ್ತಿತ್ತು. ಬಿತ್ತನೆ ಭತ್ತವನ್ನು ಚೀಲಕ್ಕೆ ತುಂಬಿ, ಹೊತ್ತುಕೊಂಡು ನಾನೂ ಓಡಿದೆ. ಬಾಗಿಲಲ್ಲಿ ದೇವಿರಮ್ಮ ಕೈ ಅಡ್ಡ ಹಿಡಿದಳು.

"ಆಚೆ ನಿಂತ್ಕೊ. ಅವ್ವ ಬೆಳಕವಾಡಿಯಿಂದ ಬಂದವ್ಳೆ. ನೀರ್ ಉಯ್ಕತಾವ್ಳೆ."

ಚೀಲದ ಮೇಲೆ ಬಗ್ಗಿ, ಬೆನ್ನಿಗೆ ಮಳೆ ಕೊಟ್ಟು ನಿಂತೆ. ಒಳಗಿಂದ ನಮ್ಮ ಅತ್ತೆ, ಬಿಸಿನೀರು ಇನ್ನೊಂದು ಹಂಡೆ ಕಾಯಲಿ ಅಂದದ್ದು ಕೇಳಿಸಿತು.