ಮುಂದೇನು ಓದಲಿ ಅಂತ ಹೊಲದಾಗಿನ ಆಯಿನ್ನ ಕೇಳ್ರಿ

ಪಿಯುಸಿ ರಿಸಲ್ಟ್ ಬಂತಂದ್ರ ಮುಂದೇನು ಓದಸಬೇಕು ಅಂತ ಕೇಳಾಕ ನಮ್ಮ ಕೊಪ್ಪಳದ ಕಾಲೇಜಿಗೆ ಮಂದಿ ಬರ್ತಾರ, ಅವರ ಬೆನ್ನಿಗೆ ಒಂದಿಲ್ಲೊಂದು ದೆವ್ವನೂ ಬರ್ತೈತ್ರಿ. ಯಾಕ ಅಂತ ನನ್ನ ಕೇಳಬ್ಯಾಡ್ರಿ. ನಾನು ಜೀವಶಾಸ್ತ್ರದ ಮಾಸ್ತರ, ದೆವ್ವ ನನ್ನ ಸಿಲೆಬಸ್‌ನ್ಯಾಗ ಇಲ್ಲ. ಎಲ್ಲಾ ವರ್ಷದ್ದೂ ಹೇಳ್ಕೋತ ಕುಂತ್ರ ಹೊತ್ತು ಮುಳಗತೈತಿ. ಈಗಿತ್ತಲಾಗ ಬಂದ ಕುಕನೂರಿನ ಕಾಳು-ಕಡಿ ವ್ಯಾಪಾರದ ಸಾಹುಕಾರ್ರು ಮತ್ತ ಅವರ ಮಗಳು, ಇವರಿಬ್ಬರದ್ದಷ್ಟ ಹೇಳ್ತೀನಿ.

೧. ಬ್ಯಾಡ ಅಂದ ಎಲುಬಿನ ಗೂಡು

ಸಲಹೆ ಕೊಡಾಕ ನನಗ ಬ್ಯಾರೆ ಖೋಲಿ ಇಲ್ಲ. ಲ್ಯಾಬಿನ್ಯಾಗ ಒಂದು ಟೇಬಲ್ ಹಾಕ್ಯಾರ. ಸುತ್ತಲೂ ಬಾಟಲಿಯೊಳಗ ಹಾವು, ಓತಿಕ್ಯಾತ, ಕಣ್ಣು ಬಿಟ್ಕೊಂಡು ನೋಡೋ ಮೀನು. ನನ್ನ ಕುರ್ಚಿ ಬಾಜೂಕ ಮನಷ್ಯಾನ ಎಲುಬಿನ ಗೂಡು ಜೋತು ಬಿದ್ದೈತಿ. ಒಳಗ ಬಂದವರು ಯಾರ ಆಗಲಿ, ತಾವ ದನಿ ಸಣ್ಣ ಮಾಡ್ತಾರ.

ಸಾಹುಕಾರ್ರು ಮಾತ್ರ ಅಂಗಡ್ಯಾಗಿನ ದನಿಲೇ ಶುರು ಮಾಡಿದ್ರು. "ಸರ, ನೀಟ್‌ನ್ಯಾಗ ಛಲೋ ಮಾರ್ಕ್ಸ್ ಬಂದಾವ, ಸೀಟು ಸಿಗತೈತಿ. ಆದ್ರ ಇಕಿ ಧಾರವಾಡಕ್ಕ ಹೋಗಿ ಕಲ್ಲು ಮಣ್ಣಿನ ಶಾಸ್ತ್ರ ಓದ್ತಾಳಂತ. ಡಾಕ್ಟರ್ ಆಗೂದಿದ್ರ ಆಗಲಿ, ಇಲ್ಲಾಂದ್ರ ಓದು ಸಾಕು. ಸೋದರಮಾವ ತಯಾರ ಅದಾನ, ಲಗ್ನ ಮಾಡಿ ಬಿಡ್ತೀನಿ."

ಹುಡುಗಿ ತಲಿ ತಗ್ಗಿಸಿ ಕುಂತಿದ್ಲು. ಮಾರಿ ಸಪ್ಪಗಾಗಿತ್ತು. ಅಷ್ಟರಾಗ ಎಲುಬಿನ ಗೂಡು ಸಾವಕಾಶ ಸಾಹುಕಾರ್ರ ಕಡೆ ಮಾರಿ ತಿರುವ್ತು. ಗಾಳಿ ಇಲ್ಲ, ಕರೆಂಟ್ ಇಲ್ಲ. ಆ ಕಡೆ ತಿರಗಿತು, ಈ ಕಡೆ ತಿರಗಿತು, ಮತ್ತ ಆ ಕಡೆ. ಬ್ಯಾಡ, ಬ್ಯಾಡ ಅಂದಂಗ. ಇಪ್ಪತ್ತು ವರ್ಷದಿಂದ ಅದರ ಬಾಜೂಕ ಕುಂತೀನಿ, ನನ್ನ ಮೈಯೂ ಜುಮ್ ಅಂತು.

ಹುಡುಗಿ ಎದ್ದು ಹೋಗಿ ಮ್ಯಾಲಿನ ಕೊಂಡಿ ನೋಡಿದ್ಲು. "ಹೆದರಬ್ಯಾಡ್ರಿ ಸರ. ಕಸ ಹೊಡಿಯುವಾಗ ಯಾರೋ ಇದನ್ನ ತಿರುವ್ಯಾರ, ಹುರಿ ಸುತ್ಕೊಂಡೈತಿ. ಈಗ ಬಿಚ್ಕೊಳ್ಳಾಕತ್ತೈತಿ."

ಸಾಹುಕಾರ್ರು ಹಣಿ ಒರಸ್ಕೊಂಡ್ರು. "ಇದೇನು ಡಾಕ್ಟರಕಿ ಓದಿ ಸತ್ತೈತೇನ್ರಿ, ಇದರ ಮಾತು ನಾವ್ಯಾಕ ಕೇಳಬೇಕು?" ಅಂದ್ರು. ಅಂದ್ರು ಖರೆ, ಕುರ್ಚಿ ಎತ್ಕೊಂಡು ಹೋಗಿ ಬಾಗಿಲದಾಚೆ ಹಾಕ್ಕೊಂಡು, ಉಳಿದ ಮಾತೆಲ್ಲ ಅಲ್ಲಿಂದನ ಒದರಿ ಆಡಿದ್ರು.

೨. ಗಂಗಾವತಿಯ ಹೆಣ

ಬಾಯಿಲೇ ಹೇಳಿದ್ರ ತೀರೂದಿಲ್ಲ, ಕಣ್ಣಿಲೇ ನೋಡಲಿ ಅಂತ ಗಂಗಾವತ್ಯಾಗ ನನ್ನ ಗೆಳೆಯ ಡಾಕ್ಟರ್‌ನ ದವಾಖಾನಿಗೆ ಇಬ್ಬರನ್ನೂ ಕರಕೊಂಡು ಹೋದೆ. ಒಂದು ದಿನ ಅಲ್ಲಿದ್ರ ಹುಡುಗಿಗೆ ಆ ಕೆಲಸ ಹಿಡಿಸತೈತೋ ಇಲ್ಲೋ ಗೊತ್ತಾಗತೈತಿ, ಅಪ್ಪಗೂ ತಿಳಿತೈತಿ ಅಂತ ನನ್ನ ವಿಚಾರ.

ಒಂದು ವಿಷಯ ಮೊದಲ ಹೇಳಬೇಕು. ಕುಕನೂರು ಒಣಭೂಮಿ, ಗಂಗಾವತಿ ಕಾಲುವಿ ನೀರಿನ ಭತ್ತದ ಸೀಮಿ. ಸಿದ್ದಾಪುರ, ಮರಳಿ ಕಡಿ ಮಂದಿ ಹಗಲ ಹೊತ್ತು ಮಲಗಿದ್ರೂ ಸೊಳ್ಳಿ ಕಾಟಕ್ಕ ತಲಿಯಿಂದ ಕಾಲಿನವರೆಗೂ ಮುಸುಕು ಎಳಕೊಂಡ ಮಲಗ್ತಾರ. ಇದು ಸಾಹುಕಾರ್ರಿಗೆ ಗೊತ್ತಿಲ್ಲ.

ದವಾಖಾನಿ ಮೂಲ್ಯಾಗ ಒಂದು ಕಾಟ್. ಅದರ ಮ್ಯಾಲೆ ಬಿಳಿ ಚಾದರ ಹೊದ್ದ ಉದ್ದಾನ ಮೈ. ಅಲ್ಲಾಟ ಇಲ್ಲ, ಉಸರಿನ ಸಪ್ಪಳ ಇಲ್ಲ. ಸಾಹುಕಾರ್ರು ಚಪ್ಪಲಿ ಬಿಟ್ಟು, ಟೊಪಗಿ ತಗದು, ಹತ್ರ ಹೋಗಿ ಕೈ ಮುಗದ್ರು. "ಶಿವನ, ಯಾರ ಮನಿ ಮಗನೋ ಏನೋ. ಇನ್ನೂ ಮಂದಿ ಬಂದಿಲ್ಲಲ್ಲೋ ನಿನ್ನ ಒಯ್ಯಾಕ" ಅಂತ ಕಣ್ಣಾಗ ನೀರು ತಂದ್ರು.

ಚಾದರದ ಒಳಗಿಂದ ಗೊಗ್ಗರ ದನಿ ಬಂತು. "ಯಾರ್ರೀ ಅದು? ನಿಂತೀರಂದ್ರ ಒಂದೀಟು ಫ್ಯಾನ್ ಹಚ್ಚರಿ."

ಸಾಹುಕಾರ್ರು ನಿಂತಲ್ಲೇ ಕುಸದ್ರು. ಮಗಳು ಮೊದಲ ಅಪ್ಪನ ತಲಿ ಹಿಡಿದ್ಲು, ನೀರು ಕುಡಿಸಿದ್ಲು, ಆಮ್ಯಾಲೆ ಹೋಗಿ ಫ್ಯಾನ್ ಹಚ್ಚಿದ್ಲು. ಸಾಹುಕಾರ್ರು ಕಣ್ಣು ಬಿಟ್ಟವರ ನನ್ನ ಕೈ ಹಿಡ್ಕೊಂಡ್ರು. "ನೋಡಿದ್ರಿಲ್ಲೋ ಸರ! ಹೆಣ ಮಾತಾಡಿದ್ರೂ ನನ್ನ ಮಗಳು ಹೆದರಲಿಲ್ಲ. ಇಕಿ ಡಾಕ್ಟರ್ ಆಗಲಿಲ್ಲಂದ್ರ ಇನ್ಯಾರು ಆಗಬೇಕು?"

ಮಾಡಾಕ ಹೋಗಿದ್ದೊಂದು, ಆಗಿದ್ದೊಂದು. ಸಂಜಿಮುಂದ ಬಸ್‌ನ್ಯಾಗ ಹುಡುಗಿನ್ನ ಕೇಳಿದೆ. "ಏನವ್ವಾ, ಹೆದರಿಕಿ ಅಂತೂ ಇಲ್ಲ ನಿನಗ. ಹೆಂಗನಿಸ್ತು ದವಾಖಾನಿ?"

"ಹೆದರಿಕಿ ಬರಲಿಲ್ರಿ ಸರ, ಬ್ಯಾಸರ ಬಂತು" ಅಂದ್ಲು. ಕಿಸೆದಾಗಿಂದ ಒಂದು ಕಲ್ಲಿನ ಚೂರು ತಗದು ತೋರಿಸಿದ್ಲು. ದವಾಖಾನಿ ಹಿಂದ ಕಟ್ಟಡಕ್ಕ ಹಾಕಿದ್ದ ಕಲ್ಲಿನ ಗುಂಪಿಯಿಂದ ಆರಿಸಿದ್ದಂತ. "ಇದು ಕುಷ್ಟಗಿ ಕಡಿ ಕೆಂಪು ಕಲ್ಲು ನೋಡ್ರಿ. ಒಳಗ ಹೆಂಗ ಮಿಂಚತಾವ ಹರಳು!" ಮುಂಜಾನಿಯಿಂದ ಸಪ್ಪಗಿದ್ದ ಆ ಮಾರಿ ಆಗ ಅರಳ್ತು ನೋಡ್ರಿ.

ಧೈರ್ಯ ಐತಿ ಅಂದ್ರ ಆ ಕೆಲಸದ ಮ್ಯಾಲೆ ಪ್ರೀತಿ ಐತಿ ಅಂತಲ್ಲ ಅಂತ ಅಪ್ಪಗ ಹೇಳಬೇಕು ಅಂತ ಹಿಂದಕ ತಿರಗಿದೆ. ಅವರು ಹಿಂದಿನ ಸೀಟಿನ್ಯಾಗ ಟವೆಲ್ಲು ಮುಸುಕು ಹಾಕ್ಕೊಂಡು ಮಲಗಿದ್ರು, ಕಂಡಕ್ಟರ್ ಟಿಕೆಟ್ ಕೇಳಾಕ ಹೆದರಿ ದೂರ ನಿಂತಿದ್ದ.

೩. ಫೋನು

ಅರ್ಜಿ ಹಾಕೋ ಕೊನೆ ದಿನ ಹತ್ರ ಬಂತು. ತಡೀಲಾರದ ಫೋನ್ ಹಚ್ಚಿ ಜೋರು ಮಾಡಿದೆ. "ಸಾಹುಕಾರ್ರ, ಹುಡುಗಿ ಬಾಳೇವು ಇದು. ಯಾಕ ಹಟ ಹಿಡದೀರಿ?"

"ನಂದೇನಿಲ್ರಿ ಸರ. ನಮ್ಮವ್ವ ಒಪ್ಪವಲ್ಲಳು."

"ಹಂಗಾರ ಅವರನ್ನ ಕಾಲೇಜಿಗೆ ಕರಕೊಂಡ ಬರ್ರಿ, ನಾ ಮಾತಾಡ್ತೀನಿ."

"ಬರೂದಿಲ್ರಿ. ಸತ್ತು ಭಾಳ ವರ್ಷ ಆತು. ನೀವ ಬರ್ರಿ, ಹೊಲದಾಗ ಇರ್ತಾಳ."

೪. ಆಯಿ ಬ್ಯಾಡ ಅಂತಾಳ

ಹೋದೆ. ಅಪ್ಪ-ಮಗಳು ಇಬ್ಬರೂ ಅಲ್ಲೇ ಇದ್ರು. ಹೊಲ ಯಲಬುರ್ಗಾ ರಸ್ತೆಗೆ ಹತ್ತಿ ಐತಿ. ಎರಿಹೊಲ, ಸುತ್ತ ಒಂದು ಗಿಡ ಇಲ್ಲ. ನಡುವ ಸಾಹುಕಾರ್ರ ತಾಯಿನ್ನ, ಅಂದ್ರ ಹುಡುಗಿ ಆಯಿನ್ನ, ಮಣ್ಣು ಮಾಡಿದ ಜಾಗ, ಮ್ಯಾಲೆ ಕಲ್ಲಿನ ಕಟ್ಟಿ. ಅದರ ಬಾಜೂಕ ಹಿಂದಕ ಬೋರ್ ಹೊಡಿಸಿದ್ರಂತ. ನೀರು ಬೀಳಲಿಲ್ಲ. ಖಾಲಿ ಪೈಪಿನ ಬಾಯಿಗೆ ಒಂದು ಸೀಳಿದ ತಗಡು ಮುಚ್ಚಿ ಕಲ್ಲು ಹೇರಿದ್ರು, ಅದಕ್ಕೂ ಅರಿಷಿಣ ಕುಂಕುಮ ಹಚ್ಚಿತ್ತು.

"ಬೋರ್ ಹೊಡಿಸಿದ ದಿನದಿಂದ ಅವ್ವ ಮಾತಾಡಾಕತ್ತಾಳ್ರಿ" ಅಂದ್ರು ಸಾಹುಕಾರ್ರು, ಸಣ್ಣ ದನಿಲೇ. "ಏನ ಮಾಡೂದಿದ್ರೂ ಇಲ್ಲಿ ಬಂದು ಕೇಳ್ತೀನಿ. ಸುಮ್ಮನಿದ್ರ ಒಪ್ಪಿಗಿ. ನರಳಿದ್ರ ಬ್ಯಾಡ. ಅಂಗಡಿ ದೊಡ್ಡದು ಮಾಡಲೇನು ಅಂದೆ, ನರಳಿದ್ಲು. ಮೋಟಾರ್ ಸೈಕಲ್ ತಗೊಳ್ಳಲೇನು ಅಂದೆ, ನರಳಿದ್ಲು. ಸಾಯುಮುಂದ ಮೊಮ್ಮಗಳನ್ನ ಡಾಕ್ಟರ್ ಮಾಡು ಅಂದಾಕಿ. ಈಗ ಕಲ್ಲು ಓದಾಕ ಕಳಸಲೇನು ಅಂದ್ರ ಸುಮ್ಮನಿರ್ತಾಳೇನು?"

ಊಟ ಮುಗದ ಹೊತ್ತು. ಹಕ್ಕಿ ಸಪ್ಪಳ ಸೈತ ಇರಲಿಲ್ಲ. ಸಾಹುಕಾರ್ರು ಕೈ ಮುಗದು, "ಯವ್ವಾ, ಧಾರವಾಡಕ್ಕ ಕಳಸಲೇನ?" ಅಂದ್ರು. ನೆಲದಾಳದಿಂದ ಒಂದು ದನಿ ಎದ್ದು ಬಂತ್ರಿ. ಮುದುಕರು ಬ್ಯಾನಿ ತಿಂದಂಗ, ಉದ್ದಕ, ಎಳಕೋತ. ವಿಜ್ಞಾನ ಗಿಜ್ಞಾನ ಎಲ್ಲಾ ಮರತು ನಾನೂ ಕೈ ಮುಗದೆ.

ಹುಡುಗಿ ಅಪ್ಪನ ಮುಂದ ಬಂದು ನಿಂತ್ಲು. ಕಣ್ಣು ತುಂಬಿದ್ವು, ದನಿ ಮಾತ್ರ ಗಟ್ಟಿ ಇತ್ತು. "ಅಪ್ಪಾ, ನೀ ಯಾವಾಗಲೂ ಮಧ್ಯಾಹ್ನ ಅಂಗಡಿ ಮುಚ್ಚಿ ಉಂಡ ಮ್ಯಾಲೆನ ಬರ್ತಿ. ನಾಳೆ ಒಮ್ಮೆ ಉಣ್ಣೂಕಿಂತ ಮೊದಲ ಬಾ. ಸರ, ನೀವೂ ಬರ್ರಿ."

ಮರುದಿನ ಬಿಸಿಲು ಏರೋದ್ರಾಗ ಹೋದ್ವಿ. ಆಕಿ ತಗಡು ಸರಿಸಿ ಪೈಪಿನ ಬಾಯಿಗೆ ಒಂದು ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿದ್ಲು. ನೋಡ್ತಾ ನೋಡ್ತಾ ಚೀಲ ಒಳಗ ಎಳಕೊಂಡು ಹೋತು, ಯಾರೋ ಕೆಳಗಿಂದ ಜಗ್ಗಿದಂಗ. ಸಪ್ಪಳ ಇಲ್ಲ. "ಮುಂಜಾನೆ ಭೂಮಿ ಉಸರು ಒಳಗ ತಗೋತೈತಿ, ಆಗ ನರಳೂದಿಲ್ಲ" ಅಂದ್ಲು.

ಕಟ್ಟಿಗೆ ಆನಕೊಂಡು ಬುತ್ತಿ ಬಿಚ್ಚಿ ಉಂಡ್ವಿ. ಹೊತ್ತು ಇಳಿಮುಖ ಆದಂಗ ಚೀಲ ಸಾವಕಾಶ ಹೊರಗ ಬಂತು. ಉಬ್ಬಿತು, ನೆಟ್ಟಗ ಎದ್ದು ನಿಂತಿತು. ಬಿಳಿ ಸೆರಗು ಹೊತ್ತ ತಲಿ ಹೆಂಗೋ ಹಂಗ.

"ಯವ್ವಾ, ತಪ್ಪಾತು!" ಅಂತ ಸಾಹುಕಾರ್ರು ಉದ್ದಕ ಅಡ್ಡಬಿದ್ರು. ನಾನು ರೊಟ್ಟಿ ಕೈಯಾಗ ಹಿಡ್ಕೊಂಡು ಎರಡು ಹೊಲ ದಾಟಿದ್ದೆ. ಹುಡುಗಿ ಕೂಗಿ ಕರದ್ಲು ಅಂತ ತಿರಗಿ ಬಂದೆ.

ಆಕಿ ಚೀಲ ಬಿಚ್ಚಿ ಅಪ್ಪನ ಕೈ ಹಿಡದು ಪೈಪಿನ ಮ್ಯಾಲೆ ಇಟ್ಲು. "ತಂಪು ಗಾಳಿ ಹತ್ತತೈತೇನು? ಮಧ್ಯಾಹ್ನ ಮ್ಯಾಲಿನ ಹವಾ ಹಗುರ ಆಗತೈತಿ, ಕೆಳಗಿನ ಗಾಳಿ ಹೊರಗ ಬರತೈತಿ. ತಗಡಿನ ಸೀಳಿನ್ಯಾಗ ಹಾಯುವಾಗ ಹಂಗ ನರಳತೈತಿ. ಸಣ್ಣಾಕಿ ಇದ್ದಾಗಿಂದ ನೋಡೀನಿ ಅಪ್ಪಾ. ಹೇಳಿದ್ರ ಆಯಿಗೆ ಎದುರಾಡ್ತಿ ಅಂತ ಬೈತಿದ್ದಿ. ಒಳಗ ಕಲ್ಲಿನ ಬಿರುಕು ಎಲ್ಲಿಗೆ ಹೋಗ್ಯಾವ, ಅಷ್ಟು ಗಾಳಿ ಎಲ್ಲಿ ಕುಂತೈತಿ, ಅದನ್ನ ತಿಳಕೋಬೇಕು ನಾನು. ನನಗ ಬ್ಯಾರೆ ಏನೂ ಬ್ಯಾಡ."

ಸಾಹುಕಾರ್ರು ಕೈ ತಗೀಲೇ ಇಲ್ಲ. "ಹಂಗಾರ ಆ ಮೋಟಾರ್ ಸೈಕಲ್..." ಅಂದ್ರು. ನನಗ ಪಾಪ ಅನಿಸ್ತು.

ಮರುದಿನ ಮುಂಜಾನೆ ಅವರದ ಫೋನ್ ಬಂತು. "ಸರ, ಧಾರವಾಡದ ಅರ್ಜಿ ಹಾಕಿಸಿಬಿಡ್ರಿ. ಈಗ ಹೊಲದಾಗ ನಿಂತೀನಿ. ಕೇಳಿದೆ, ಸುಮ್ಮನದಾಳ. ಅವ್ವ ಒಪ್ಪಿದ್ಲು."

ನನಗ ನಗು ತಡಿಲಿಲ್ಲ. "ಅಲ್ರೀ ಸಾಹುಕಾರ್ರ, ಅದು ಬರೇ ಗಾಳಿ ಅಂತ ನಿನ್ನೆ ಮಗಳು ತೋರಿಸಿದ್ಲಲ್ಲ?"

ಆ ಕಡಿಂದ ಪಿಸುದನಿ ಬಂತು.

"ಸಾವಕಾಶ ಮಾತಾಡ್ರಿ ಸರ. ಗಾಳಿ ಅಂತ ನಮಗ ಗೊತ್ತಾಗೈತಿ. ಅವ್ವಗ ಇನ್ನೂ ಯಾರೂ ಹೇಳಿಲ್ಲ."