ಹೊಲಕ್ಕೆ ಕೇಳಿಸದ ಹಾಗೆ

ಎಳ್ಳಮಾಸಿಯ ಮುಂಜಾನೆ ಪಂಪಣ್ಣ ಎತ್ತುಗಳ ಮೈ ತೊಳೆಯುತ್ತಿದ್ದ. ಕರಿ ಎತ್ತಿನ ಒಂದು ಮಗ್ಗುಲು ಮಿಂಚುತ್ತಿತ್ತು, ಇನ್ನೊಂದು ಮಗ್ಗುಲು ಇನ್ನೂ ನಿನ್ನೆಯದೇ ಇತ್ತು. ಅಷ್ಟರಲ್ಲಿ ಊರ ತಳವಾರ ತಾಯಪ್ಪ ಬಂದು ಕೋಲನ್ನು ನೆಲಕ್ಕೆ ಊರಿ, ಸಾವಿನ ಸುದ್ದಿ ತಂದವನ ಹಾಗೆ ಕೆಮ್ಮಿದ.

“ಪಂಪಣ್ಣ, ಸಾಹೇಬ್ರು ಇವತ್ತ ಬರಾಕತ್ಯಾರ. ನಿನ್ನ ಹೊಲ ನೋಡಾಕ.”

“ಇವತ್ತ ಅಮಾಸಿ ಅದಲ್ಲೋ.”

“ಅಮಾಸಿ ನಮಗ. ಅವರಿಗೆ ಅದು ಬರೇ ಬುಧವಾರ.”

ಪಂಪಣ್ಣನ ಕೈಯಲ್ಲಿದ್ದ ಹುಲ್ಲಿನ ಸಿವುಡು ನೀರಿನ ಬಾನಿಯೊಳಗೆ ಬಿತ್ತು. ಎತ್ತು ತನ್ನ ಇನ್ನೊಂದು ಮಗ್ಗುಲಿನ ಗತಿ ಏನೆಂದು ತಿರುಗಿ ನೋಡಿತು.

ಸಂಗತಿ ಹೀಗಿತ್ತು. ಯಾದಗಿರಿ ಸ್ಟೇಷನ್ನಿಗೆ ಹತ್ತಿರದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ ಕಾರ್ಖಾನೆ ಹಾಕಬೇಕೆಂದು ಹೈದರಾಬಾದಿನ ಸೇಠನೊಬ್ಬ ನಿಜಾಮ ಸರ್ಕಾರಕ್ಕೆ ಅರ್ಜಿ ಕೊಟ್ಟಿದ್ದ. ಜಾಗ ಹುಡುಕುವ ಕೆಲಸ ತಾಮೀರಾತ್ ಸಾಹೇಬರದು, ಅಂದರೆ ಸರ್ಕಾರದ ಕಟ್ಟಡ ಕಟ್ಟಿಸುವ ಇಂಜನೇರರದು. ಹೋದ ವಾರ ಅವರ ಕಡೆಯ ಇಬ್ಬರು ಆಳುಗಳು ಮುದನಾಳಕ್ಕೆ ಬಂದು, ಕೆಳಗಿನ ಓಣಿಗೆ ಹತ್ತಿಕೊಂಡಿದ್ದ ಪಂಪಣ್ಣನ ಹೊಲದಲ್ಲಿ ಒಂದು ಕೆಂಪು ಬಾವುಟ ಹುಗಿದು ಹೋಗಿದ್ದರು. ಬಾವುಟವನ್ನು ಅವತ್ತು ಸಂಜೆಯೇ ಯಾರದೋ ಆಡು ತಿಂದಿತು. ಆದರೆ ಸರ್ಕಾರದ ನೆನಪನ್ನು ತಿನ್ನುವ ಆಡು ಇನ್ನೂ ಹುಟ್ಟಿಲ್ಲ.

ಪಂಪಣ್ಣನಿಗೆ ಇದ್ದದ್ದು ಅದೊಂದೇ ಹೊಲ. ಕೆಲವರು ಅಳಿಯನನ್ನು ಹೊಗಳುವ ಹಾಗೆ ಅವನು ಆ ಹೊಲವನ್ನು ಹೊಗಳುತ್ತಿದ್ದ. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರನ್ನು ಹಿಡಿದು ನಿಲ್ಲಿಸಿಯೂ ಹೇಳುತ್ತಿದ್ದ. ಇವತ್ತು ಅವನದು ಹೋದರೆ ನಾಳೆ ನಮ್ಮದು ಎಂದು ಕೆಳಗಿನ ಓಣಿಯವರೆಲ್ಲ ಸೇರಿ ವಾರದಿಂದ ಮಸಲತ್ತು ನಡೆಸಿದ್ದರು. ದಾರಿ ತೋರಿಸಿದವನು ಚನ್ನಯ್ಯ ಮುತ್ಯಾ. ಓಣಿಯಲ್ಲಿ ಎಲ್ಲರಿಗಿಂತ ಹಿರಿಯನಾದ್ದರಿಂದ ಅವನು ಹೇಳಿದ್ದನ್ನು ಅಲ್ಲಗಳೆಯುವ ವಯಸ್ಸು ಯಾರಿಗೂ ಆಗಿರಲಿಲ್ಲ.

“ಹೆಣ್ಣು ನೋಡಾಕ ಹೋದಾಗ ಎಂಥಾಕಿನ್ನ ಬಿಟ್ಟು ಬರ್ತೀವಿ?” ಎಂದು ಅವನು ಕೇಳಿದ್ದ. “ಕೆಟ್ಟಾಕಿನ್ನ. ಸಾಹೇಬನೂ ಮನಷ್ಯಾನ ಹೌದಿಲ್ಲೋ? ಹೊಲ ಕೆಟ್ಟದ್ದು ಅಂತ ಗೊತ್ತಾದ್ರ ಟೋಪಿ ಸರಿ ಮಾಡ್ಕೊಂಡು ಹೋಗ್ತಾನ. ಆದ್ರ ಅದನ್ನ ಹೊಲದ ಧಣಿನ ಹೇಳಬೇಕು. ನಾವು ಹೇಳಿದ್ರ ಹೊಟ್ಟಿಕಿಚ್ಚು ಅಂತಾನ.”

ಹಾಗಾಗಿ ವಾರದಿಂದ ಪಂಪಣ್ಣ ಕೊಟ್ಟಿಗೆಯಲ್ಲಿ ಎತ್ತುಗಳ ಮುಂದೆ ನಿಂತು ಹೊಲವನ್ನು ಬೈಯುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದ. ಮೊದಲೆರಡು ದಿನ ಅಳು ಬಂತು. ಆಮೇಲೆ ಸಲೀಸಾಯಿತು. ಈಗ ಕಷ್ಟ ಬಂದದ್ದು ಒಳಗಿನಿಂದ.

ಹೆಂಡತಿ ಭಾಗಮ್ಮ ಸಜ್ಜಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಸೆರಗು ಹಿಡಿದುಕೊಂಡು ಐದು ವರ್ಷದ ಮಗಳು ಸುಗಲಿಯೂ ಬಂದಳು.

“ಇವತ್ತ ಹೊಲಕ್ಕ ಬೈತೀರೇನು?”

“ಸಾಹೇಬ್ರು ಇವತ್ತ ಬಂದ್ರ ನಾ ಏನ್ ಮಾಡ್ಲಿ?”

“ಭೂಮಿತಾಯಿ ತುಂಬಿದ ಬಸುರಿ ಅದಾಳ. ಬಯಕಿ ಊಟ ಒಯ್ದು ಮುಂದ ಇಟ್ಟು, ನೀ ಬಂಜಿ, ನೀ ಕಲ್ಲು ಅಂತೀರೇನು? ಸುಗಲಿ ಹೊಟ್ಟ್ಯಾಗಿದ್ದಾಗ ನಿಮ್ಮವ್ವ ನನಗ ಒಂದ ಮಾತು ಅಂದಿದ್ರು. ಇನ್ನೂ ನೆನಪದ ನನಗ.”

ಅದೇನು ಮಾತು ಎಂದು ಪಂಪಣ್ಣ ಕೇಳಲಿಲ್ಲ. ಕೇಳಿದರೆ ಎತ್ತಿನ ಇನ್ನೊಂದು ಮಗ್ಗುಲು ಸಂಜೆಯಾದರೂ ತೊಳೆಯುವುದಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಭಾಗಮ್ಮ ಹೇಳಿದ್ದು ಸುಳ್ಳೂ ಅಲ್ಲ. ಎಳ್ಳಮಾಸಿ ಎಂದರೆ ಫಸಲು ಹೊತ್ತ ಭೂಮಿಗೆ ಸೀಮಂತ. ಕಡುಬು, ಭಜ್ಜಿ, ಎಳ್ಳು ಹಚ್ಚಿದ ರೊಟ್ಟಿ ಗಾಡಿಯಲ್ಲಿ ಒಯ್ದು, ಅದರಲ್ಲೇ ಒಂದಿಷ್ಟು ಕಲಸಿ ಬೆಳೆಯ ಸಾಲಿನಲ್ಲಿ ಚರಗವೆಂದು ಚೆಲ್ಲಿ, ಅವಳು ಉಂಡ ಮೇಲೆ ತಾವು ಉಣ್ಣಬೇಕು. ಅಂಥ ದಿನ ಹೊಲಕ್ಕೆ ಕೇಳಿಸುವ ಹಾಗೆ ಕೆಟ್ಟ ಮಾತಾಡಿದವರು ಆ ಸೀಮೆಯಲ್ಲೇ ಇಲ್ಲ.

ಕಡುಬಿನ ಹಬೆ ಮೂಗಿಗೆ ಬಡಿದ ಮೇಲೆ ಚನ್ನಯ್ಯ ಮುತ್ಯಾ ಬಂದ. ಪಕ್ಕದ ಮನೆಯ ಹುಸೇನಬೀಯೂ ಬಂದಳು. ಓಣಿಯಲ್ಲಿ ಉರ್ದು ಚೆನ್ನಾಗಿ ಬರುತ್ತಿದ್ದದ್ದು ಅವಳೊಬ್ಬಳಿಗೇ. ಸಾಹೇಬರಿಗೂ ಓಣಿಗೂ ನಡುವಿನ ಮಾತು ಅವಳ ಬಾಯಿಂದಲೇ ದಾಟಬೇಕಿತ್ತು. ಎಲ್ಲ ಕೇಳಿ ಮುತ್ಯಾ ಕಣ್ಣು ಮುಚ್ಚಿದ.

“ಹೊಲಕ್ಕ ಕೇಳಬಾರದು. ಅಷ್ಟ ಹೌದಿಲ್ಲೋ ಭಾಗಮ್ಮ?”

“ಹೌದ್ರಿ ಮುತ್ಯಾ.”

“ಭೂಮಿಗೆ ಕಿವಿ ಎಲ್ಲದಾವ? ನಮ್ಮ ಅಂಗಾಲಿನ ಕೆಳಗ. ಕಾಲು ನೆಲಕ್ಕ ಹತ್ತಲಿಲ್ಲಂದ್ರ ಮಾತು ಇಳಿಯಂಗಿಲ್ಲ. ಇಂವ ಗಾಡಿ ಮ್ಯಾಲ ಕೂತು ಬೈಲಿ.”

“ಗಾಡಿ ಗಾಲಿ ನೆಲಕ್ಕ ಹತ್ತಿರ್ತಾವಲ್ರಿ,” ಎಂದ ತಾಯಪ್ಪ.

“ಗಾಲಿ ಕೆಳಗ ಹುಲ್ಲು ಹಾಕ್ರಿ.”

“ಹುಲ್ಲು ಹೊಲದ್ದ ಅಲ್ಲೇನ್ರಿ? ಮಗಳು ಕೇಳಿದ್ದು ತಾಯಿಗೆ ಹೇಳೂದಿಲ್ಲೇನು?” ಎಂದಳು ಹುಸೇನಬೀ. “ಕಂಬಳಿ ಹಾಸ್ರಿ. ಕುರಿ ಕೂದಲಿಗೆ ಏನೂ ತಿಳಿಯಂಗಿಲ್ಲ.”

ಕೊನೆಗೆ ಕಂಬಳಿಯೇ ಠರಾವಾಯಿತು. ಪಂಪಣ್ಣ ಸಣ್ಣ ದನಿಯಲ್ಲಿ ಬೈಯಬೇಕು, ಅದೇ ಹೊತ್ತಿಗೆ ಭಾಗಮ್ಮ ದೂರದ ಸಾಲಿನಲ್ಲಿ ಜೋರಾಗಿ ಹಾಡುತ್ತ ಚರಗ ಚೆಲ್ಲಬೇಕು, ಭೂಮಿತಾಯಿಯ ಲಕ್ಷ್ಯ ಅತ್ತ ಇರಬೇಕು ಎಂದೂ ಗೊತ್ತುಮಾಡಿದರು. ಭಾಗಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದಳು. ಹೊಲ ಉಳಿಯಬೇಕೆಂದು ಅವಳಿಗೂ ಇತ್ತು.

ಬಿಸಿಲು ಏರುವ ಹೊತ್ತಿಗೆ ಬನ್ನಿ ಗಿಡದ ಕೆಳಗೆ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರ ಪೂಜೆ ಆಯಿತು, ಮೊದಲ ಸಾಲಿಗೆ ಚರಗವೂ ಬಿತ್ತು. ಎದೆಯೆತ್ತರ ನಿಂತ ಜೋಳದ ಅಂಚಿನಲ್ಲಿ ನಾಲ್ಕು ಮಡಿಕೆ ಕಂಬಳಿಯ ಮೇಲೆ ಗಾಡಿ ನಿಂತಿತು, ಗಾಡಿಯ ಮೇಲೆ ಪಂಪಣ್ಣ ಕಾಲು ಮಡಚಿ ಕೂತ, ಹರಕೆಯ ಕೋಳಿಯ ಹಾಗೆ. ಅವನ ಬೆನ್ನ ಹಿಂದೆ ಸುಗಲಿ ಮಲಗಿ ನಿದ್ದೆ ಹೋದಳು.

ಸಾಹೇಬರು ಟಾಂಗಾದಲ್ಲಿ ಬಂದರು. ಉದ್ದನೆಯ ಶೇರವಾನಿ, ಕುಚ್ಚಿನ ಕೆಂಪು ಟೋಪಿ, ಜೊತೆಗೆ ಬಾವುಟಗಳ ಕಟ್ಟು ಹೊತ್ತ ಒಬ್ಬ ಜವಾನ. ಅಮಾಸಿಯ ದಿನ ಹೊಲಕ್ಕೆ ಬಂದವರು ವೈರಿಯಾದರೂ ಉಣ್ಣದೆ ಹೋಗುವಂತಿಲ್ಲ. ಮೊದಲು ಅವರನ್ನು ಕೂಡಿಸಿ ಕಡುಬು ಬಡಿಸಿದರು. ಸಾಹೇಬರು ಒಂದು ಮುರಿದು ತಿಂದು, ಆಮೇಲೆ ಮಾತಾಡದೆ ನಾಲ್ಕು ತಿಂದರು. ಕೈ ತೊಳೆದು ಎದ್ದು, ಕೈಕೋಲಿನಿಂದ ಕರಿ ಮಣ್ಣನ್ನು ಚುಚ್ಚಿ, ಮುಖ ಹುಳ್ಳಗೆ ಮಾಡಿದರು. ಸಾಹೇಬರ ಮುಖ ಇರುವುದೇ ಹಾಗೆ ಎಂದುಕೊಂಡ ಪಂಪಣ್ಣ.

“ಈತ ಯಾಕೆ ಕೆಳಗೆ ಇಳಿಯುವುದಿಲ್ಲ?” ಎಂದು ಅವರು ಉರ್ದುವಿನಲ್ಲಿ ಕೇಳಿದರು.

“ಕಾಲು ನೋವು, ಹುಜೂರ್,” ಎಂದಳು ಹುಸೇನಬೀ.

ದೂರದಲ್ಲಿ ಭಾಗಮ್ಮನ ಹಾಡು ಎದ್ದಿತು. ಪಂಪಣ್ಣ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಹೊಲಕ್ಕೆ ಕೈ ಮುಗಿದು, ಪಿಸುಗುಟ್ಟಿದ.

“ಸಾಹೇಬ್ರ, ಈ ಕರಿ ಬಣ್ಣ ನೋಡಿ ಮೋಸ ಹೋಗಬ್ಯಾಡ್ರಿ. ಇದು ಮ್ಯಾಲಿನ ಒಂದು ಗೇಣು ಅಷ್ಟ. ಕೆಳಗ ಬರೇ ಗರಸು. ಅದರ ಕೆಳಗ ಬಂಡಿಗಲ್ಲು.”

“ಯಾಕೆ ಪಿಸುಗುಡುತ್ತಾನೆ?”

“ಗಂಟಲೂ ನೋವು, ಹುಜೂರ್,” ಎಂದು ಹುಸೇನಬೀ ಅವನ ಮಾತನ್ನು ಉರ್ದುವಿಗೆ ತಿರುಗಿಸಿ ಹೇಳಿದಳು.

ಟಾಂಗಾದ ಕಡೆ ಹೆಜ್ಜೆ ಹಾಕಿದ್ದ ಸಾಹೇಬರು ನಿಂತರು. ಅವರ ಮುಖ ಬತ್ತಿ ಏರಿಸಿದ ಕಂದೀಲಿನ ಹಾಗೆ ಬೆಳಗಿತು.

“ಬಂಡೆ? ನಿಜವೇ?”

ಕೆಂಭಾವಿ ಸಂತೆಯಲ್ಲಿ ಕುಂಟೆತ್ತು ಎಂದು ಗೊತ್ತಿದ್ದೂ ನಗುತ್ತ ಬೆಲೆ ಕೇಳುವ ದಲಾಲಿಗಳನ್ನು ಪಂಪಣ್ಣ ನೋಡಿದ್ದ. ಬೈಗುಳ ಸಾಲಲಿಲ್ಲ ಎಂದು ತಿಳಿದು ಇನ್ನೊಂದು ಗಂಟು ಬಿಚ್ಚಿದ.

“ಹಾರಿ ಹೊಡದ್ರ ಹಾರಿನ ಬಾಗ್ತದರಿ. ಎಂಥಾ ಮಳಿ ಬಂದ್ರೂ ಹನಿ ನೀರು ನಿಲ್ಲಂಗಿಲ್ಲ, ಸಂಜಿಗೆ ಒಣ ಒಣ. ಎತ್ತಿನ ಗೊರಸು ಮೂಡಂಗಿಲ್ಲ. ಇಲ್ಲಿ ಗೋಡಿ ಕಟ್ಟಿದ್ರ ಮೊಮ್ಮಕ್ಕಳ ಕಾಲಕ್ಕೂ ಕೂದಲೆಳಿ ಬಿರುಕು ಬಿಡಂಗಿಲ್ಲ, ಅಷ್ಟು ದರಿದ್ರ ನೆಲ.”

“ಬಹುತ್ ಖೂಬ್,” ಎಂದರು ಸಾಹೇಬರು. ಜವಾನನಿಗೆ ಸನ್ನೆ ಮಾಡಿದರು. ಜವಾನ ಹೋಗಿ ಹೊಲದ ಒಂದು ಮೂಲೆಗೆ ಬಾವುಟ ನೆಟ್ಟು, ಎರಡನೆಯ ಮೂಲೆಯ ಕಡೆ ನಡೆದ.

ಗಾಡಿಯ ಪಕ್ಕದಲ್ಲಿ ನಿಂತಿದ್ದ ಚನ್ನಯ್ಯ ಮುತ್ಯಾ ಹಲ್ಲು ಕಚ್ಚಿ ಹೇಳಿದ. “ಇನ್ನೂ ಬೈಯೋ. ಜೀವ ಇಟ್ಕೊಂಡು ಬೈಯಾಕತ್ತಿ ನೀ.”

ಪಂಪಣ್ಣ ದನಿಯ ನೇಮ ಮರೆತ. ಹೊಲ ಗೊಡ್ಡು, ಕಲ್ಲು, ಶನಿ ಎಂದು ಗಟ್ಟಿಯಾಗಿಯೇ ಬೈದ. ಒಂದೊಂದು ಬೈಗುಳಕ್ಕೂ ಸಾಹೇಬರು ತಲೆದೂಗಿದರು. ಮೂರನೆಯ ಬಾವುಟವೂ ಎದ್ದಿತು.

ದೂರದಲ್ಲಿ ಹಾಡು ನಿಂತಿತು. ಚರಗದ ಗಡಿಗೆಯನ್ನು ಸೊಂಟಕ್ಕಿಟ್ಟುಕೊಂಡು ಭಾಗಮ್ಮ ಜೋಳದ ಸಾಲು ಸೀಳಿಕೊಂಡು ಬಂದಳು.

“ಸುಳ್ಳರಿ ಸಾಹೇಬ್ರ. ಬಸುರಿ ಮುಂದ ನಿಂತು ಎಷ್ಟಂತ ಕೇಳ್ಲಿ ನಾ. ಎರಡು ಆಳುದ್ದ ಎರಿ ಮಣ್ಣು ಅದ ಇಲ್ಲಿ. ಮಳಿಗಾಲದಾಗ ಬೆಣ್ಣಿ, ಎತ್ತು ಹೊಟ್ಟಿತನಕ ಇಳೀತದ. ಬ್ಯಾಸಗ್ಯಾಗ ಬಾಯಿ ಬಿಡ್ತದ, ನಮ್ಮ ಕರ ಬಿರುಕಿನ್ಯಾಗ ಕಾಲು ಸಿಗಿಸ್ಕೊಂಡು ಒಂದಿನ ಅತ್ತದ. ನಮ್ಮ ಮಾವ ಇಲ್ಲಿ ಕಾವಲು ಮನಿ ಕಟ್ಟಿದ್ರು. ಎಷ್ಟು ಸಲ ಕಟ್ಟಿದ್ರೂ ಗೋಡಿ ಸೀಳಿ ಬಿತ್ತು. ಉಸಿರಾಡೋ ನೆಲರಿ ಇದು. ಎದಿ ಮ್ಯಾಲ ಭಾರ ಇಟ್ರ ತಡೀತದೇನು?”

“ಇದನ್ನೂ ಹೇಳ್ಲೇನು?” ಎಂದು ಹುಸೇನಬೀ ಕೇಳಿದಳು.

“ಬ್ಯಾಡ,” ಎಂದರು ಪಂಪಣ್ಣ, ಚನ್ನಯ್ಯ, ತಾಯಪ್ಪ, ಒಂದೇ ಉಸಿರಿಗೆ.

“ಹೇಳು,” ಎಂದರು ಸಾಹೇಬರು.

ಹುಸೇನಬೀ ಹೇಳಿದಳು, ಉಸಿರಾಟದ ಮಾತು ಸೇರಿಸಿ. ಸಾಹೇಬರು ಜವಾನನನ್ನು ಕರೆದರು. ಅವನು ಆಳುದ್ದದ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಊರಿ ಒತ್ತಿದ. ಸಲಾಕೆ ಮೊಸರಿಗೆ ಬೆರಳು ಇಳಿದಂತೆ ಇಳಿಯಿತು. ಅವನು ಒತ್ತುವುದನ್ನು ಬಿಟ್ಟ ಮೇಲೂ ಒಂದಿಷ್ಟು ಇಳಿಯಿತು.

ಸಾಹೇಬರ ಕಂದೀಲು ಆರಿತು. “ಎಂಜಿನ್ ಕೂರಿಸಿದರೆ ಒಂದೇ ಮಳೆಗಾಲಕ್ಕೆ ಇಡೀ ಜಿನ್ ಪಾತಾಳಕ್ಕೆ ಹೋಗುತ್ತದೆ. ನನಗೆ ಬೇಕಾದದ್ದು ಗಟ್ಟಿ ನೆಲ, ಒಳ್ಳೆಯ ನೆಲ ಅಲ್ಲ. ಬಾವುಟ ಕೀಳು,” ಎಂದರು.

ಹುಸೇನಬೀ ಅದನ್ನು ಕನ್ನಡಕ್ಕೆ ತಿರುಗಿಸಿದಳು. ವಾರದಿಂದ ಬೈದು ಕಳೆದುಕೊಳ್ಳಲು ಹೊರಟಿದ್ದ ಹೊಲವನ್ನು ಓಣಿಯವರು ಹೊಗಳಿ ಉಳಿಸಿಕೊಂಡಿದ್ದರು. ಪಂಪಣ್ಣ ಗಾಡಿಯಿಂದ ಹಾರಿ, ಕಂಬಳಿಯಾಚೆ ಬಿದ್ದು, ಮಣ್ಣು ಮುಟ್ಟಿ ಗಲ್ಲ ಗಲ್ಲ ಬಡಿದುಕೊಂಡ. ಕಾಲೂ ಗಂಟಲೂ ಒಟ್ಟಿಗೆ ವಾಸಿಯಾದದ್ದನ್ನು ಸಾಹೇಬರು ನೋಡಿಯೂ ನೋಡದ ಹಾಗೆ ಇದ್ದರು. ಭಾಗಮ್ಮ ಅವರಿಗೆ ಇನ್ನೆರಡು ಕಡುಬು ಬಡಿಸಿದಳು.

ಅವರು ತಾಳ್ಮೆಯ ಮನುಷ್ಯ. ಕಡುಬು ಮುರಿಯುತ್ತ ಮೆಲ್ಲಗೆ ಕೇಳಿದರು.

“ಈ ಪಂಪಣ್ಣ ಹೇಳಿದ್ದು ಬಾಯಿಗೆ ಬಂದ ಸುಳ್ಳಲ್ಲ. ಹಾರೆ ಬಾಗುವುದು, ನೀರು ನಿಲ್ಲದಿರುವುದು, ಇದೆಲ್ಲ ಕಣ್ಣಾರೆ ಕಂಡವನ ಮಾತು. ಅಂಥ ನೆಲ ಎಲ್ಲಿದೆ?”

ಹುಸೇನಬೀ ಪ್ರಶ್ನೆಯನ್ನು ಕನ್ನಡಕ್ಕೆ ತಂದಳು. ಪಂಪಣ್ಣ ಕೇಳಿಸದವನ ಹಾಗೆ ಎತ್ತಿನ ಹಗ್ಗ ಬಿಗಿಯತೊಡಗಿದ. ಆದರೆ ಚನ್ನಯ್ಯ ಮುತ್ಯಾ ಗೆದ್ದ ಖುಷಿಯಲ್ಲಿದ್ದ, ಅಲ್ಲದೆ ಗೊತ್ತಿರುವ ಉತ್ತರವನ್ನು ಇಟ್ಟುಕೊಂಡು ಮನೆಗೆ ಹೋದ ಅಭ್ಯಾಸ ಅವನಿಗೆ ಹುಟ್ಟಿನಿಂದ ಇರಲಿಲ್ಲ.

“ಅದು ನಮ್ಮ ಓಣಿ ಅಲ್ಲೇನ್ರಿ. ಇವನ ಕೊಟ್ಟಿಗಿಗೆ ಕಂಬ ಹುಗಿವಾಗ ಬಾಗಿದ್ದು ನನ್ನ ಹಾರಿನ. ಊರಾಗ ಅಂಥಾ ಗಟ್ಟಿ ನೆಲ ಇನ್ನೊಂದಿಲ್ಲ. ನಮ್ಮ ಅಜ್ಜನ ಕಾಲದ ಗೋಡಿ ಇನ್ನೂ ಗೂಟ ಹೊಡದಂಗ ನಿಂತಾವ.”

ಮುಂಜಾನೆಯಿಂದ ತಿರುಗಿಸಿ ತಿರುಗಿಸಿ ರೂಢಿಯಾಗಿದ್ದ ಹುಸೇನಬೀಯ ನಾಲಿಗೆ ಅದನ್ನೂ ಉರ್ದುವಿಗೆ ತಿರುಗಿಸಿಬಿಟ್ಟಿತು. ತಿರುಗಿಸಿದ ಮೇಲೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಂಜೆಯ ಹೊತ್ತಿಗೆ ಕೆಳಗಿನ ಓಣಿ ಮದುವೆಯ ಚಪ್ಪರದ ಹಾಗೆ ಕಂಡಿತು. ಪಂಪಣ್ಣನ ಬಾಗಿಲಿಗೆ ಒಂದು ಬಾವುಟ, ಚನ್ನಯ್ಯನ ಕಟ್ಟೆಗೆ ಒಂದು, ಹುಸೇನಬೀಯ ಕೋಳಿಗೂಡಿಗೆ ಒಂದು. ಜವಾನನ ಸಲಾಕೆ ಎಲ್ಲಿ ಹೊಡೆದರೂ ಟಣ್ ಎಂದಿತು. ಸಾಹೇಬರಿಗೆ ಆ ಸದ್ದು ಹಿಡಿಸಿತು. ಬೇಡದ ಕಡೆಯೂ ಎರಡು ಸಲ ಹೊಡೆಸಿದರು. ಮನೆಗಳಿಗೆ ಸರ್ಕಾರ ಪರಿಹಾರ ಕೊಡುತ್ತದೆ ಎಂದರು. ಉಂಡ ಋಣವಿದ್ದ ಕಾರಣ ಒಂದು ಉಪಾಯವನ್ನೂ ಹೇಳಿಕೊಟ್ಟರು.

“ಎಂಜಿನ್ನಿಗೆ ಬಂಡೆ ಬೇಕು. ಗುಡಿಸಲಿಗೆ ಬೇಡ. ಎಲ್ಲರೂ ಪಕ್ಕದ ಹೊಲದಲ್ಲೇ ಗುಡಿಸಲು ಹಾಕಿಕೊಳ್ಳಿ. ಮೆತ್ತನೆಯ ನೆಲ, ಗಿಡದ ನೆರಳೂ ಇದೆ. ಪರವಾನಗಿ ನಾನೇ ಕೊಡಿಸುತ್ತೇನೆ.”

ಟಾಂಗಾ ಹೋದ ಮೇಲೆ ಓಣಿಯವರು ಪಂಪಣ್ಣನ ಸುತ್ತ ನಿಂತರು. ವಾರವೆಲ್ಲ ಅವನ ಹೊಲಕ್ಕಾಗಿ ನಿದ್ದೆಗೆಟ್ಟವರಿಗೆ ಅವನ ಒಪ್ಪಿಗೆ ಕೇಳುವ ಅಗತ್ಯ ಇರಲಿಲ್ಲ. ಚನ್ನಯ್ಯ ಮುತ್ಯಾ ಅವನ ಹೆಗಲ ಮೇಲೆ ಕೈ ಇಟ್ಟ.

“ಎಲ್ಲಾರೂ ಕೂಡಿ ಉಳಿಸಿದ ಹೊಲ, ತಮ್ಮಾ. ಬನ್ನಿ ಗಿಡದ ಮಗ್ಗಲು ನನಗಿರ್ಲಿ. ವಯಸ್ಸಾದವ ನಾ, ಬಿಸಿಲು ತಡ್ಯಂಗಿಲ್ಲ.”

“ನನಗ ಕೋಳಿಗೂಡಿನಷ್ಟು ಜಾಗ ಸಾಕು ಪಂಪಣ್ಣ,” ಎಂದಳು ಹುಸೇನಬೀ. “ಕೋಳಿ ಪಕ್ಕದಾಗ ನಾನೂ ಇರ್ತೀನಿ ಅನ್ನು.”

ತಾಯಪ್ಪ ಆಗಲೇ ಹೊಲದ ಅಂಚಿನಲ್ಲಿ ಕೋಲಿನಿಂದ ಅಳೆಯುತ್ತ, ಜೋಳ ಬಗ್ಗಿಸಿಕೊಂಡು ದಾರಿ ಮಾಡುತ್ತಿದ್ದ. ಪಂಪಣ್ಣ ಆ ಕಡೆ ನೋಡಿ, ಹೆಂಡತಿಯ ಕಡೆ ನೋಡಿ, ಹೂಂ ಎಂದೂ ಅನ್ನದೆ ಉಹೂಂ ಎಂದೂ ಅನ್ನದೆ ತಲೆ ಆಡಿಸಿದ. ಭಾಗಮ್ಮ ಖಾಲಿ ಗಡಿಗೆಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದಳು.

ಓಣಿಗೆ ಮರಳಿದ್ದ ಗಾಡಿಯಲ್ಲಿ ಈ ಮಾತುಗಳಿಗೆ ಎಚ್ಚರವಾಗಿದ್ದ ಸುಗಲಿ ಕಣ್ಣುಜ್ಜುತ್ತ ಅಪ್ಪನ ರುಮಾಲು ಜಗ್ಗಿದಳು.

“ಯಪ್ಪಾ, ಎಲ್ಲಾರೂ ಹೊಲದಾಗ ಇದ್ರ ಜ್ವಾಳ ಎಲ್ಲಿರಬೇಕು?”